ಪಟ್ಟಿಯಮ್ಮನ ಸಹಿ

"ಏನು ಬೇಕಾದ್ರೂ ಬರ್ಕೊಳ್ಳಿ ಅಮ್ಮಾ. ನಿಮ್ಮ ಹೆಸರು ಮಾತ್ರ ಬರೀಬೇಡಿ."

ಗೇಟಿನ ಸರಳು ಹಿಡಿದು ನಿಂತಿದ್ದ ಆಯಾ ಇಷ್ಟು ಹೇಳಿ ಆಚೀಚೆ ನೋಡಿದಳು. ಈ ಮನೆಯ ಒಡತಿ ದರ್ಜಿಯಮ್ಮ ಹಾಸಿಗೆ ಹಿಡಿದ ಹದಿನಾಲ್ಕು ತಿಂಗಳೂ ಅವಳನ್ನು ಎತ್ತಿ ಕೂರಿಸಿ, ತಲೆ ಬಾಚಿ, ಕೊನೆಗೆ ಕಣ್ಣು ಮುಚ್ಚಿಸಿದವಳು ಇವಳೇ. ದರ್ಜಿಯಮ್ಮ ಸತ್ತು ಎರಡು ತಿಂಗಳಾಗಿತ್ತು. ಮನೆಗೆ ಕೋರ್ಟು ಬೀಗ ಹಾಕಿ ಅರಗಿನ ಮುದ್ರೆ ಒತ್ತಿತ್ತು. ಆದರೂ ಆಯಾ ದಿನಾ ಬೆಳಿಗ್ಗೆ ಬಂದು ಗೇಟಿನ ಹೊರಗೆ ಕಾಯುತ್ತಿದ್ದಳು, ಮುದ್ರೆ ಒಡೆಯಲು ಯಾರು ಬರುತ್ತಾರೋ ಎಂದು.

ಬಂದವಳು ಪಟ್ಟಿಯಮ್ಮ. ಸತ್ತವರ ಮನೆಯ ಸಾಮಾನನ್ನು ಒಂದೊಂದಾಗಿ ಪಟ್ಟಿ ಮಾಡಿ, ವಾರಸುದಾರರ ಕಿತ್ತಾಟ ಮುಗಿಯುವ ತನಕ ಕಾದಿಟ್ಟು, ಕೊನೆಗೆ ಅವರವರ ಪಾಲು ಅವರವರಿಗೆ ಒಪ್ಪಿಸುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ ಅವಳ ಸ್ವಂತ ಹೆಸರು ಕಾಗದದ ಮೇಲಷ್ಟೇ ಉಳಿದಿತ್ತು. ನ್ಯಾಯಾಧೀಶರಿಂದ ಹಿಡಿದು ಜವಾನನವರೆಗೆ ಎಲ್ಲರ ಬಾಯಲ್ಲೂ ಅವಳು ಪಟ್ಟಿಯಮ್ಮ. ಇಂಥ ಹೆದರಿಕೆಯ ಮಾತು ಅವಳಿಗೆ ಹೊಸದೇನಲ್ಲ. ಮುಟ್ಟಿದರೆ ಕೈ ಸೆಟೆದುಹೋಗುತ್ತದೆ ಎಂದು ಹೆದರಿಸಿದ ಪೆಟ್ಟಿಗೆಯಲ್ಲಿ ಒಮ್ಮೆ ಹಳೇ ಚಪ್ಪಲಿ ಸಿಕ್ಕಿತ್ತು. ದೆವ್ವ ಕೂತಿದೆ ಎಂದ ಅಟ್ಟದಲ್ಲಿ ಸೋದರಮಾವ ಬಚ್ಚಿಟ್ಟ ಬೆಳ್ಳಿ ಲೋಟಗಳಿದ್ದವು.

"ನನ್ನ ಹೆಸರು ಬರೀದೇ ಇದ್ರೆ ನನ್ನ ಸಂಬಳ ಯಾರ ಹೆಸರಿಗೆ ಬರುತ್ತೆ ಆಯಾ? ನಿನ್ನ ಹೆಸರಿಗಾ?" ಎಂದು ನಕ್ಕುಬಿಟ್ಟಳು.

ಆಯಾ ನಗಲಿಲ್ಲ. "ಅದರಲ್ಲೂ ಕಪ್ಪು ದಾರ ಕಟ್ಟಿರೋದಕ್ಕೆ ಬೇಡ ಅಮ್ಮಾ," ಎಂದಳು. ಅಷ್ಟರಲ್ಲಿ ಬೀದಿಯ ಒಂದು ತುದಿಯಿಂದ ಅಣ್ಣ, ಇನ್ನೊಂದು ತುದಿಯಿಂದ ತಂಗಿ ಬರುವುದು ಕಂಡಿತು. ಆಯಾ ಸೆರಗು ಬಾಯಿಗೆ ಒತ್ತಿಕೊಂಡಳು.

ಈ ಅಣ್ಣ ತಂಗಿಯರೇ ದರ್ಜಿಯಮ್ಮನ ವಾರಸುದಾರರು. ಅಣ್ಣ ಬಸ್ಸಿನ ಡ್ರೈವರು, ತಂಗಿ ಶಾಲೆಯ ಟೀಚರು. ತಾಯಿ ಉಯಿಲು ಬರೆಯದೆ ಸತ್ತದ್ದರಿಂದ ಇಬ್ಬರೂ ಕೋರ್ಟಿಗೆ ಹೋಗಿದ್ದರು. ಎಣ್ಣೆ ಸೀಗೆಯಂತಿದ್ದ ಅವರು ಒಂದೇ ಒಂದು ವಿಷಯಕ್ಕೆ ಒಪ್ಪಿ ಜಂಟಿ ಅರ್ಜಿ ಕೊಟ್ಟಿದ್ದರು: ಪಟ್ಟಿ ಮಾಡಲು ಪಟ್ಟಿಯಮ್ಮನೇ ಬೇಕು. ಆ ಅರ್ಜಿಯನ್ನು ಓದಿ ಅವಳು ಒಳಗೊಳಗೇ ಉಬ್ಬಿಹೋಗಿದ್ದಳು. ಉಬ್ಬಲು ಕಾರಣವೂ ಇತ್ತು. ಇಬ್ಬರೂ ಬಿಟ್ಟುಕೊಡದ ವಸ್ತು ಬಂದರೆ ಬೇರೆಯವರು 'ಕೋರ್ಟಿನ ವಶ' ಎಂದು ಗೀಚಿ ಕೈ ತೊಳೆದುಕೊಳ್ಳುತ್ತಾರೆ. ಪಟ್ಟಿಯಮ್ಮ ಹಾಗೆ ಮಾಡುವವಳಲ್ಲ. ಕೋರ್ಟಿಗೆ ಕೈಯಿದೆಯಾ, ಕಾಲಿದೆಯಾ, ನಾಳೆ ಸಾಮಾನು ಕಳೆದರೆ ಯಾರ ಜುಟ್ಟು ಹಿಡಿಯುತ್ತೀರಿ ಎಂದು ಕೇಳಿ, ರಸೀದಿಯಲ್ಲಿ ತನ್ನ ಹೆಸರನ್ನೇ ಪೂರ್ತಿಯಾಗಿ ಬರೆದು, 'ನನ್ನದೇ ಎಂಬಂತೆ ಕಾಯುತ್ತೇನೆ' ಎಂಬ ಸಾಲಿನ ಕೆಳಗೆ ಸಹಿ ಹಾಕುತ್ತಿದ್ದಳು. ಅದು ಅವಳ ಹಟ, ಅವಳ ಮರ್ಯಾದೆ.

ಬೀಗ ತೆಗೆದಾಗ ಒಳಗಿನ ಗಾಳಿ ಮುಖಕ್ಕೆ ಬಂದು ಅಂಟಿತು. ಹೊಲಿಗೆ ಯಂತ್ರದ ಎಣ್ಣೆ, ಮುಗ್ಗಲು ಬಟ್ಟೆ, ಅದರಡಿಯಲ್ಲಿ ಇನ್ನೇನೋ ಒಂದು ವಾಸನೆ. ಕೂದಲು ಸುಟ್ಟಂತೆ. ಕಿಟಕಿಗಳಿಗೆಲ್ಲ ಹಲಗೆ ಹೊಡೆದಿದ್ದರಿಂದ ಹಾಡಹಗಲೇ ಒಳಗೆ ಕತ್ತಲು. ಪಟ್ಟಿಯಮ್ಮ ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಪೆನ್ಸಿಲ್ಲು ಹಿಡಿದು ಕೆಲಸ ಶುರುಮಾಡಿದಳು.

ಆ ಪೆನ್ಸಿಲ್ಲಿನ ಬಗ್ಗೆ ಹೇಳಬೇಕು. ಬೆರಳುದ್ದ ಉಳಿದಿದ್ದ ಹಳದಿ ಪೆನ್ಸಿಲ್ಲು. ಹಿಂಬದಿಯ ತುಂಬ ಹಲ್ಲಿನ ಗುರುತು. ಕಚ್ಚಿದ್ದು ಪಟ್ಟಿಯಮ್ಮನ ಮಗಳು. ಆರು ವರ್ಷದ ಹಿಂದೆ, ಮೂರನೇ ಕ್ಲಾಸಿನಲ್ಲಿದ್ದಾಗ, ಐದು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಆಮೇಲೆ ಗಂಡ ಅವನ ದಾರಿ ಹಿಡಿದ. ಪಟ್ಟಿಯಮ್ಮ ಯಾರ ಮುಂದೆಯೂ ಮಗಳ ಸುದ್ದಿ ಎತ್ತುತ್ತಿರಲಿಲ್ಲ. ಪಟ್ಟಿಯ ಕರಡನ್ನು ಆ ಪೆನ್ಸಿಲ್ಲಿನಲ್ಲಿ ಬರೆಯುವಳು, ಹಲ್ಲಿನ ಗುರುತಿನ ಮೇಲೆ ಹೆಬ್ಬೆರಳಿಡುವಳು, ಅಷ್ಟೇ. ಕೆತ್ತಿದರೆ ಸವೆಯುತ್ತದೆಂದು ಅದನ್ನು ಕೆತ್ತುವುದಕ್ಕೂ ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

ಪಾತ್ರೆ, ಮಂಚ, ಮೇಜು, ಕುರ್ಚಿ ಎಲ್ಲ ಬೇಗ ಮುಗಿಯಿತು. ಜಗಳಗಂಟರು ಎಂದು ಹೆಸರಾದ ಅಣ್ಣ ತಂಗಿ ಅಲ್ಲಿ ಜಗಳವನ್ನೇ ಆಡಲಿಲ್ಲ. "ಮಂಚ ನೀನೇ ತಗೋ, ನಿನಗೆ ಬೆನ್ನು ನೋವು," ಎಂದ ಅಣ್ಣ. ಅವಳು ಕುರ್ಚಿಗಳನ್ನು ಅವನಿಗೆ ಬಿಟ್ಟಳು. ಪಟ್ಟಿಯಮ್ಮನಿಗೆ ಇದು ಸ್ವಲ್ಪ ವಿಚಿತ್ರ ಎನಿಸಿತು, ಆದರೆ ಕೆಲಸ ಬೇಗ ಆಗುತ್ತಿದೆಯಲ್ಲ ಎಂದು ತಲೆಗೆ ಹಚ್ಚಿಕೊಳ್ಳಲಿಲ್ಲ. ಜಗಳ ಹತ್ತಿದ್ದು ಕತ್ತರಿ ಬಂದಾಗ. ದರ್ಜಿಯಮ್ಮ ಬಟ್ಟೆ ಕತ್ತರಿಸುತ್ತಿದ್ದ ಭಾರದ ಕತ್ತರಿ. ಹಿಡಿಗೆ ಕಪ್ಪು ದಾರ ಬಿಗಿಯಾಗಿ ಸುತ್ತಿತ್ತು.

"ಕತ್ತರಿ ನನಗೆ ಬೇಕು," ಎಂದ ಅಣ್ಣ.

"ನಿನಗ್ಯಾಕೆ? ಬಸ್ಸಿನ ಸ್ಟೇರಿಂಗ್ ಕತ್ತರಿಸ್ತೀಯಾ?"

"ಏಯ್, ನಾಲಿಗೆ ಹಿಡಿದು ಮಾತಾಡು."

"ಜೀವ ಹೋದ್ರೂ ಕೊಡಲ್ಲ."

ಇಷ್ಟು ಕೂಗಾಡಿದರೂ ಇಬ್ಬರಲ್ಲಿ ಒಬ್ಬರೂ ಅದನ್ನು ಮುಟ್ಟಲಿಲ್ಲ. ಪಟ್ಟಿಯಮ್ಮ ಎಂದಿನಂತೆ ಇಬ್ಬರನ್ನೂ ಗದರಿದಳು, ಎಂದಿನಂತೆ ರಸೀದಿ ಪುಸ್ತಕ ತೆಗೆದಳು, ಎಂದಿನಂತೆ ತನ್ನ ಹೆಸರು ಬರೆದು ಸಹಿ ಹಾಕಿದಳು.

ಒಳಕೋಣೆಯಿಂದ ಸದ್ದು ಬಂತು. ಟಕ್ ಟಕ್ ಟಕ್ ಟಕ್. ಹೊಲಿಗೆ ಯಂತ್ರ ನಾಲ್ಕು ಹೊಲಿಗೆ ಹಾಕಿ ನಿಂತಂತೆ.

"ಇಲಿ ಇರ್ಬೇಕು," ಎಂದ ಅಣ್ಣ. ಅವನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು.

ಅವತ್ತು ಸಂಜೆ ಆಫೀಸಿನ ಉಗ್ರಾಣದಲ್ಲಿ ಕತ್ತರಿಯನ್ನಿಟ್ಟು, ಪಟ್ಟಿಯಮ್ಮ ದಿನವೂ ಮಾಡುವ ಕೆಲಸವನ್ನೇ ಮಾಡಿದಳು. ಎಲ್ಲರೂ ಹೊರಟ ಮೇಲೆ ಫೋನು ತೆಗೆದು ಹನ್ನೊಂದು ಸೆಕೆಂಡಿನ ಒಂದು ಧ್ವನಿಯನ್ನು ಹಾಕಿಕೊಂಡಳು. ಆರು ವರ್ಷದ ಹಿಂದೆ ಮಗಳು ಕಳಿಸಿದ್ದು. "ಅಮ್ಮಾ, ಬರ್ತಾ ರಬ್ಬರ್ ತಾ. ನಿನ್ನೆನೂ ಮರೆತೆ ನೀನು. ಇವತ್ತು ಮರೀಬೇಡ." ಆ ದಿನವೂ ಅವಳು ಮರೆತಿದ್ದಳು. ಮನೆಗೆ ಹೋದಾಗ ಮಗುವಿಗೆ ಜ್ವರ ಬಂದಿತ್ತು. ಆಮೇಲೆ ರಬ್ಬರ್ ಬೇಕಾಗಲೇ ಇಲ್ಲ. ಅಂದಿನಿಂದ ಈ ಹನ್ನೊಂದು ಸೆಕೆಂಡು ಕೇಳದೆ ಅವಳು ಮನೆಗೆ ಹೊರಟವಳಲ್ಲ.

ಫೋನಿನಿಂದ ಬಂದದ್ದು ಮಗಳ ದನಿಯಲ್ಲ. ಟಕ್ ಟಕ್ ಟಕ್ ಟಕ್. ಹನ್ನೊಂದು ಸೆಕೆಂಡೂ ಹೊಲಿಗೆ ಯಂತ್ರ ಓಡಿತು.

ಮತ್ತೆ ಹಾಕಿದಳು. ಮತ್ತೂ ಅದೇ. ಬಾಗಿಲು ಹಾಕಲು ಬಂದ ಜವಾನನ ಕಿವಿಗೆ ಫೋನು ಹಿಡಿದಳು. "ಏನು ಕೇಳ್ಸುತ್ತಪ್ಪಾ?"

ಜವಾನ ಕೇಳಿ ಮೆಲ್ಲಗೆ ನಕ್ಕ. "ಯಾವುದೋ ಮಗು ಮೇಡಂ. ರಬ್ಬರ್ ತಾ ಅಂತಿದೆ. ಮುದ್ದಾಗಿದೆ. ಯಾರ ಮಗು?"

ಅವಳು ಫೋನು ಕಸಿದುಕೊಂಡಳು. ಕಣ್ಣು ಮುಚ್ಚಿ ಮಗಳ ದನಿಯನ್ನು ತಲೆಯೊಳಗೆ ಹುಡುಕಿದಳು. ಮಾತುಗಳಿದ್ದವು. ದನಿ ಇರಲಿಲ್ಲ. ದಣಿವು, ಕಿವಿಯ ತೊಂದರೆ, ನಾಳೆ ಡಾಕ್ಟರಿಗೆ ತೋರಿಸಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಆಯಾ ಹೇಳಿದ ಮಾತು ನೆನಪಾಗದೆ ಇರಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ನಕ್ಕವಳಿಗೆ ಒಂದೇ ಸಂಜೆಯಲ್ಲಿ ನಂಬುವುದು ಅವಮಾನ ಎನಿಸಿತು.

ಆ ಅವಮಾನಕ್ಕೆ ಹೆದರಿಯೇ ಮಾರನೆಯ ದಿನ ಮತ್ತೆ ಹೋದಳು. ಗೇಟಿನ ಬಳಿ ಆಯಾ ಕೈ ಮುಗಿದರೂ ನಿಲ್ಲಲಿಲ್ಲ.

ಅಂದು ತಕರಾರಿಗೆ ಬಿದ್ದದ್ದು ಎರಡು ವಸ್ತು. ಬಟ್ಟೆ ಹೊಲಿಸಲು ಬಂದವರು ತೊಟ್ಟು ನೋಡಿಕೊಳ್ಳುತ್ತಿದ್ದ ನಿಲುವುಗನ್ನಡಿ ಒಂದು. ಉಳಿದ ತುಂಡು ಬಟ್ಟೆಗಳನ್ನೆಲ್ಲ ಜೋಡಿಸಿ ದರ್ಜಿಯಮ್ಮ ಹೊಲಿದ ಕೌದಿ ಇನ್ನೊಂದು. ಕನ್ನಡಿಯ ಚೌಕಟ್ಟಿಗೂ ಕೌದಿಯ ಅಂಚಿಗೂ ಅದೇ ಕಪ್ಪು ದಾರ. ಪಟ್ಟಿಯಮ್ಮ ಟಾರ್ಚು ಹತ್ತಿರ ಹಿಡಿದಳು. ದಾರದ ನಡುವೆ ಒಂದೊಂದು ಎಳೆ ಬೆಳ್ಳಗಿತ್ತು. ಬುಡದಲ್ಲಿ ಸಣ್ಣ ಬಿಳಿ ಚುಕ್ಕಿ. ಅದು ದಾರವಲ್ಲ, ಕೂದಲು.

ಅವಳು ಹಿಂದೆ ಸರಿದಳು. ಆಗಲೇ ಅಣ್ಣ ತಂಗಿ ಕೈಕೈ ಮಿಲಾಯಿಸುವ ಮಟ್ಟಕ್ಕೆ ಬಂದಿದ್ದರು. ಅವನು ಕೈ ಎತ್ತಿದ, ಅವಳು ಚೀರಿದಳು. "ರಸೀದಿ ಬರೀರಿ ಮೇಡಂ! ಇಲ್ದಿದ್ರೆ ಇವನು ನನ್ನ ಕೊಂದೇ ಬಿಡ್ತಾನೆ!" ಆ ಗದ್ದಲದಲ್ಲಿ ಪಟ್ಟಿಯಮ್ಮ ಯೋಚಿಸಲಿಲ್ಲ. ಕೈಗೆ ಅಭ್ಯಾಸವಾಗಿದ್ದನ್ನು ಕೈ ಮಾಡಿತು. ಹೆಸರು, ಸಹಿ. ಹೆಸರು, ಸಹಿ.

ಟಕ್ ಟಕ್ ಟಕ್ ಟಕ್.

ಈ ಸಲ ಸದ್ದು ನಿಲ್ಲಲಿಲ್ಲ. ಅವಳು ಅಂಗಳ ದಾಟಿ ಗೇಟು ತಲುಪುವವರೆಗೂ ಬೆನ್ನ ಹಿಂದೆಯೇ ಓಡುತ್ತಿತ್ತು.

ಆಟೋ ಹತ್ತಿದವಳು ಆಫೀಸಿಗೆ ಹೋಗಲಿಲ್ಲ, ನೇರ ಮನೆಗೆ ಹೋದಳು. ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಮೇಜಿನ ಮೇಲೆ ಫೋಟೋ. ಸಮವಸ್ತ್ರ, ಎರಡು ಜಡೆ, ಹೆಗಲಿಗೆ ಚೀಲ, ಎಲ್ಲ ಇದ್ದ ಹಾಗೇ ಇತ್ತು. ಮುಖವಿರಲಿಲ್ಲ. ಮುಖದ ಜಾಗದಲ್ಲಿ ಕಪ್ಪು ಹೊಲಿಗೆ. ಒತ್ತೊತ್ತಾಗಿ, ಅಚ್ಚುಕಟ್ಟಾಗಿ, ಕೈ ನುರಿತವರು ಹಾಕಿದ ಹೊಲಿಗೆ. ಉಗುರಿನಿಂದ ಕೆರೆದಳು. ಬೆರಳಿಗೆ ಬರೀ ನುಣ್ಣನೆಯ ಗಾಜು ಸಿಕ್ಕಿತು. ಬೀರು ತೆಗೆದಳು. ಹಳೇ ನೋಟ್‌ಬುಕ್ಕು. ಚೀಟಿಯಲ್ಲಿ ಹೆಸರು ಬರೆದ ಜಾಗ. ಅಲ್ಲೂ ಹೊಲಿಗೆ. ಇನ್ನೊಂದು ಪುಸ್ತಕ. ಹೊಲಿಗೆ. ಇನ್ನೊಂದು. ಹೊಲಿಗೆ. ಹೆಸರು ಕೂಗಲು ಬಾಯಿ ತೆರೆದಳು.

ಬಾಯಿ ತೆರೆದೇ ಇತ್ತು. ಹೆಸರು ಬರಲಿಲ್ಲ.

ಒಂಬತ್ತು ತಿಂಗಳು ಹೊತ್ತು, ಹತ್ತು ಹೆಸರು ಬರೆದು, ಒಂಬತ್ತನ್ನು ಹೊಡೆದುಹಾಕಿ ಇಟ್ಟ ಹೆಸರು. ದಿನಕ್ಕೆ ನೂರು ಸಲ ಕೂಗಿದ ಹೆಸರು. ಪಟ್ಟಿಯಮ್ಮ ನೆಲದ ಮೇಲೆ ಕೂತು ಪುಸ್ತಕಗಳನ್ನು ಮಡಿಲಿಗೆ ಹಾಕಿಕೊಂಡು ಅತ್ತಳು. ಅಳುವಾಗಲೂ ಕೂಗಿ ಅಳಲು ಹೆಸರಿಲ್ಲದೆ, ಅಯ್ಯೋ ಅಯ್ಯೋ ಎಂದಷ್ಟೇ ಅತ್ತಳು.

ಸಂಜೆಯೊಳಗೆ ಆಯಾಳ ಮನೆ ಹುಡುಕಿಕೊಂಡು ಹೋದಳು. ಇಸ್ತ್ರಿ ಅಂಗಡಿಯ ಹಿಂದಿನ ಒಂದೇ ಕೋಣೆ. ಆಯಾ ಅವಳ ಮುಖ ನೋಡಿದವಳೇ ಎಲ್ಲ ಅರ್ಥವಾದಂತೆ ಒಳಗೆ ಕರೆದು, ಕೂರಿಸಿ, ನೀರು ಕೊಟ್ಟಳು.

"ಉಯಿಲು ಬರೀಲಿಲ್ಲ ಅಂತಾರೆ," ಎಂದಳು ಆಯಾ. "ಬರೆದಿದ್ದಾಳೆ ಅಮ್ಮಾ. ಕಾಗದದಲ್ಲಿ ಅಲ್ಲ ಅಷ್ಟೇ. ಅವಳು ಮಲಗಿದ್ದಾಗ ಪಕ್ಕದ ಕೋಣೇಲಿ ಮಕ್ಕಳಿಬ್ಬರೂ ಮಿಷನ್ನು ನಂಗೆ, ಕನ್ನಡಿ ನಂಗೆ ಅಂತ ಕಿತ್ತಾಡ್ತಿದ್ರು. ಆಗಿನ ಜಗಳ ನಿಜವಾದ್ದೇ. ಒಬ್ಬರೂ ಒಳಗೆ ಬಂದು ಹೇಗಿದ್ದೀಯಮ್ಮಾ ಅಂತ ಕೇಳ್ಲಿಲ್ಲ. ಅವತ್ತು ನನ್ನ ಕೈಲಿ ಬಾಚಣಿಗೆ ಕೂದಲೆಲ್ಲ ಕೂಡಿಸಿ ಇಡೋಕೆ ಹೇಳಿದ್ಲು. ಅವರಮ್ಮನಿಂದ ಕಲಿತಿದ್ದಂತೆ ಆ ವಿದ್ಯೆ, ಯಾವತ್ತೂ ಮಾಡಿರ್ಲಿಲ್ಲ. ಒಂದು ತುದಿ ಸುಡ್ತಾ ಇದ್ಲು, ಇನ್ನೊಂದು ತುದಿ ಕಟ್ತಾ ಇದ್ಲು, ಏನೋ ಗೊಣಗ್ತಾ ಇದ್ಲು. ಅವರಿಗೆ ನಾನು ಬೇಡ, ನನ್ನ ಸಾಮಾನು ಬೇಕು, ಹಾಗೇ ಆಗ್ಲಿ, ಇದು ಯಾರ ಹೆಸರಿಗೆ ಸೇರುತ್ತೋ ಅವರ ಸತ್ತೋರು ಅವರಲ್ಲಿ ಉಳೀಬಾರ್ದು ಅಂತ. ಹೇಳ್ತಾ ಹೇಳ್ತಾ ಅಳ್ತಾನೂ ಇದ್ಲು."

"ನನ್ನ ಮಗಳು ಅವಳಿಗೇನು ಮಾಡಿದ್ಲು?"

"ಏನೂ ಮಾಡಿಲ್ಲ ಅಮ್ಮಾ. ಅವಳು ಸತ್ತಮೇಲೆ ಸಾಮಾನು ತಾನಾಗೇ ಮಕ್ಕಳ ಹೆಸರಿಗೆ ಬಂತಲ್ಲ. ಹದಿನೈದು ದಿನಕ್ಕೆ ಮಗನಿಗೆ ಅಮ್ಮನ ಮುಖ ಮರೆತುಹೋಯ್ತು. ಹೆದರಿ ನನ್ನ ಹತ್ರ ಬಂದ್ರು, ನಾನು ಇದ್ದದ್ದು ಹೇಳ್ದೆ. ಸುಮ್ನೆ ಬಿಟ್ಟುಕೊಟ್ರೆ ಆಗಲ್ಲ, ಹಿಡ್ಕೊಳ್ಳೋಕೆ ಇನ್ನೊಂದು ಹೆಸರು ಬೇಕು." ಆಯಾ ತಲೆ ತಗ್ಗಿಸಿದಳು. "ಆಮೇಲಿಂದ ಅವರಿಬ್ಬರೂ ಒಂದು ಸಲಾನೂ ಜಗಳ ಆಡಿಲ್ಲ ಅಮ್ಮಾ. ಬೆಳಿಗ್ಗೆ ಒಂದೇ ಸ್ಕೂಟರಲ್ಲಿ ಬರ್ತಾರೆ. ತಿರುವಿನಲ್ಲಿ ಇಳಿದು, ಬೇರೆ ಬೇರೆ ಕಡೆಯಿಂದ ನಡ್ಕೊಂಡು ಬರ್ತಾರೆ."

ಪಟ್ಟಿಯಮ್ಮನಿಗೆ ಆ ಜಂಟಿ ಅರ್ಜಿ ನೆನಪಾಯಿತು. ಮಂಚ, ಕುರ್ಚಿ ನೆನಪಾಯಿತು. ಇಬ್ಬರೂ ಮುಟ್ಟದೆ ಬಿಟ್ಟ ಕತ್ತರಿ ನೆನಪಾಯಿತು.

"ಹೋದದ್ದು ವಾಪಸ್ ಬರುತ್ತಾ?"

"ಇಲ್ಲ. ಮಿಷನ್ನು ಒಂದು ಬಾಕಿ ಇದೆ. ಅದಕ್ಕೆ ಬರೀಬೇಡಿ. ಇರೋದಾದ್ರೂ ಉಳಿಸ್ಕೊಳ್ಳಿ."

ಪಟ್ಟಿಯಮ್ಮ ಆಯಾಳ ಎರಡೂ ಕೈ ಹಿಡಿದುಕೊಂಡಳು. "ನಾನು ಹೇಳ್ತೀನಿ, ನೀನು ಇಟ್ಕೋ. ನನ್ನ ತಲೆ ಮೇಲೆ ನನಗೀಗ ನಂಬಿಕೆ ಇಲ್ಲ." ಆರು ವರ್ಷದಿಂದ ಯಾರಿಗೂ ಹೇಳದೆ ಬಚ್ಚಿಟ್ಟಿದ್ದನ್ನೆಲ್ಲ, ಪಟ್ಟಿ ಓದುವ ದನಿಯಲ್ಲಿ, ಒಂದೊಂದಾಗಿ ಹೇಳತೊಡಗಿದಳು. ಎಡಗೈಯಲ್ಲಿ ಬರೀತಿದ್ಲು. ಮಗ್ಗಿ ಅಂದ್ರೆ ಅಳು, ಅದರಲ್ಲೂ ಏಳರ ಮಗ್ಗಿ. ಮಲಗಿದ್ರೆ ಕಾಲು ನನ್ನ ಹೊಟ್ಟೆ ಮೇಲೇ ಇರ್ಬೇಕು. ಅಳಿಲು ಕಂಡ್ರೆ ಉಸಿರು ಬಿಡ್ತಿರ್ಲಿಲ್ಲ, ಓಡಿಹೋಗುತ್ತೆ ಅಂತ. ಪೆನ್ಸಿಲ್ಲು ಕಚ್ಚಬೇಡ ಅಂದ್ರೆ, ರುಚಿಯಾಗಿದೆ ಅಮ್ಮಾ ಅಂತಿದ್ಲು. ಆಯಾ ಒಂದೊಂದಕ್ಕೂ ಹೂಂಗುಟ್ಟಿ, ಮರಳಿ ಹೇಳಿ, ಬಾಯಿಪಾಠ ಮಾಡಿಕೊಂಡಳು.

ಮಾರನೆಯ ಬೆಳಿಗ್ಗೆ ಪಟ್ಟಿಯಮ್ಮ ಬೀದಿಯ ತಿರುವಿನಲ್ಲಿ ಕಾದು ನಿಂತಳು. ಸ್ಕೂಟರು ಬಂತು. ಅಣ್ಣ ಓಡಿಸುತ್ತಿದ್ದ. ತಂಗಿ ಅವನ ಬೆನ್ನಿಗೆ ತಲೆಯಾನಿಸಿ ಕೂತಿದ್ದಳು. ಇವಳನ್ನು ಕಂಡು ಇಬ್ಬರ ಮುಖವೂ ಬಿಳಿಚಿಕೊಂಡಿತು.

"ಯಾಕೆ ಹೀಗೆ ಮಾಡಿದ್ರಿ?" ಎಂದಳು. ಬೈಗುಳ ಕಟ್ಟಿಕೊಂಡು ಬಂದಿದ್ದಳು, ಬಾಯಿಗೆ ಬಂದದ್ದು ಇಷ್ಟೇ.

ತಂಗಿ ಅಳುತ್ತಾ ಅಲ್ಲೇ ಕುಸಿದಳು. "ನಿಮಗೆ ಯಾರೂ ಇಲ್ಲ ಅಂತ ಕೇಳಿದ್ವಿ ಮೇಡಂ. ಗಂಡ ಇಲ್ಲ, ಮಕ್ಕಳಿಲ್ಲ, ಒಂಟಿ ಅಂತ. ಯಾರೂ ಇಲ್ಲದೋರಿಗೆ ಏನು ಹೋಗುತ್ತೆ ಅಂದ್ಕೊಂಡ್ವಿ."

"ಯಾರೂ ಇಲ್ಲದೋರಿಗೆ ಸತ್ತೋರೇ ಎಲ್ಲಾ ಕಣಮ್ಮಾ."

ಅಣ್ಣ ಕಣ್ಣೆತ್ತಲಿಲ್ಲ. "ನಾವು ಪಾಪಿಗಳು. ಬದುಕಿದ್ದಾಗ ಅವಳನ್ನ ನೋಡ್ಕೊಳ್ಲಿಲ್ಲ. ಸತ್ತಮೇಲೆ ಮುಖಾನೂ ಕಳ್ಕೊಂಡೆ. ಈಗ ಅಮ್ಮ ಮಿಷನ್ನು ತುಳೀತಾ ಹಾಡ್ತಿದ್ದದ್ದು ಒಂದೇ ಉಳಿದಿದೆ. ಅದೂ ದಿನಾ ಒಂದೊಂದು ಸಾಲು ಹೋಗ್ತಿದೆ." ಅವನು ಸ್ಕೂಟರಿನ ಹಿಡಿಯ ಮೇಲೆ ತಲೆಯಿಟ್ಟ. "ಅದಕ್ಕೂ ನೀವೇ ಬರೀರಿ ಅಂತ ಕೇಳೋಕೆ ಬಾಯಿ ಬರಲ್ಲ."

"ಬರೆಯಲ್ಲ," ಎಂದಳು ಪಟ್ಟಿಯಮ್ಮ. "ನಿಮ್ಮಮ್ಮ ಹೋಗ್ಲಿ. ನನ್ನ ಮಗಳ ಮೇಲೆ ಕಲ್ಲು ಹಾಕಿದ್ರಲ್ಲ, ನೀವೂ ಅನುಭವಿಸಿ." ಹಿಂತಿರುಗಿ ನೋಡದೆ ನಡೆದುಬಿಟ್ಟಳು. ಅವರ ಅಳು ಬೀದಿಯ ತುದಿಯವರೆಗೂ ಕೇಳುತ್ತಿತ್ತು.

ಗೆದ್ದೆ ಎಂದುಕೊಂಡಳು. ಇರುವುದನ್ನು ಉಳಿಸಿಕೊಂಡೆ ಎಂದುಕೊಂಡಳು. ಆದರೆ ಇದ್ದದ್ದಾದರೂ ಏನು? ಹರಿದ ಬಟ್ಟೆಯಿಂದ ದಾರ ಕಳಚಿಕೊಳ್ಳುವ ಹಾಗೆ ಉಳಿದದ್ದೂ ಕಳಚತೊಡಗಿತು. ಅಳಿಲು ನೆನಪಿತ್ತು, ಅಳಿಲು ನೋಡಿದವರು ಯಾರು? ಹೊಟ್ಟೆಯ ಮೇಲೆ ಒಂದು ಕಾಲಿನ ಭಾರ, ಅದು ಯಾರ ಕಾಲು? ಮುಖವಿಲ್ಲ, ದನಿಯಿಲ್ಲ, ಹೆಸರಿಲ್ಲ. ಕೆಲವೇ ದಿನಗಳಲ್ಲಿ ಮಿಕ್ಕದ್ದು ಒಂದೇ: ದುಃಖ. ಅದು ಮಾತ್ರ ಒಂದು ಎಳೆಯೂ ಸವೆಯಲಿಲ್ಲ. ಬಸ್‌ಸ್ಟಾಪಿನಲ್ಲಿ ಸಮವಸ್ತ್ರದ ಮಕ್ಕಳು ಸಾಲಾಗಿ ಹೋದರೆ ಎದೆ ಹಿಂಡಿ ಬಂದು ಕಂಬ ಹಿಡಿದು ನಿಲ್ಲುವಳು. ಯಾಕೆಂದು ತಿಳಿಯದು. ಆಫೀಸಿನಿಂದ ಹೊರಟರೆ ಕಾಲು ತಾನಾಗಿ ಪುಸ್ತಕದಂಗಡಿಯ ಮುಂದೆ ನಿಲ್ಲುವುದು. "ಒಂದು ರಬ್ಬರ್ ಕೊಡಪ್ಪಾ," ಎನ್ನುವಳು. ಮನೆಗೆ ತಂದು ಮೇಜಿನ ಮೇಲಿಟ್ಟು, ಮುಖ ಹೊಲಿದ ಫೋಟೋದ ಮುಂದೆ ಕೂತು, ಯಾರಿಗಾಗಿ ತಂದೆ ಎಂದು ಯೋಚಿಸಿ ಯೋಚಿಸಿ ಬಿಕ್ಕುವಳು. ಹದಿಮೂರು ರಬ್ಬರ್ ಸೇರಿದವು.

ಸತ್ತವರಿಗಾಗಿ ಅಳುವುದು ಅವಳಿಗೆ ಗೊತ್ತಿತ್ತು. ಆರು ವರ್ಷ ಅತ್ತು, ಅದರಲ್ಲೇ ಒಂದು ಬಗೆಯ ಸಂಸಾರ ಮಾಡಿದ್ದಳು. ಯಾರಿಗಾಗಿ ಎಂದು ತಿಳಿಯದೆ ಅಳುವುದು ಬೇರೆಯೇ. ಅದಕ್ಕೆ ತಳವಿಲ್ಲ. ಹದಿನಾಲ್ಕನೆಯ ದಿನ ರಬ್ಬರ್ ಕೈಯಲ್ಲಿ ಹಿಡಿದೇ ಅವಳು ದರ್ಜಿಯಮ್ಮನ ಮನೆಗೆ ಹೊರಟಳು. ಅಣ್ಣ ತಂಗಿಗೆ ಬರಹೇಳಿದ್ದಳು.

"ಬೇಡ ಅಮ್ಮಾ!" ಆಯಾ ಗೇಟಿಗೆ ಅಡ್ಡ ನಿಂತಳು. "ಅದೊಂದು ಉಳೀಲಿ!"

"ಉಳಿದಿರೋದು ಬರೀ ನೋವು ಆಯಾ. ಯಾರದು ಅಂತಾನೂ ಗೊತ್ತಿಲ್ಲ. ಅದನ್ನಿಟ್ಕೊಂಡು ನಾನೇನು ಮಾಡ್ಲಿ?" ಅವಳು ಆಯಾಳ ಕೈಯನ್ನು ಮೆಲ್ಲಗೆ ಬಿಡಿಸಿದಳು. "ನಿನಗೆ ಏನೋ ಕೊಟ್ಟಿದ್ದೀನಂತೆ. ಜೋಪಾನ."

ಒಳಕೋಣೆಯ ಬಾಗಿಲು ತೆರೆದಳು. ಎಣ್ಣೆಯ ವಾಸನೆ. ಸುಟ್ಟ ಕೂದಲು. ಕತ್ತಲು. ಟಾರ್ಚಿನ ಬೆಳಕಿನಲ್ಲಿ ಹೊಲಿಗೆ ಯಂತ್ರ. ಚಕ್ರಕ್ಕೆ, ಸೂಜಿಗೆ, ಕಾಲು ಹಲಗೆಗೆ ಕಪ್ಪು ಕೂದಲು ಸುತ್ತಿತ್ತು. ಸೂಜಿಯ ಕೆಳಗೆ ಬಟ್ಟೆಯಿರಲಿಲ್ಲ. ಆದರೂ ಸೂಜಿ ನಡುಗುತ್ತಿತ್ತು. ಕಾಯುತ್ತಿತ್ತು.

"ಮೇಡಂ, ಯಾಕೆ?" ಎಂದಳು ತಂಗಿ. ಅವಳ ದನಿ ಸತ್ತಿತ್ತು.

"ನನ್ನದು ಹೇಗೂ ಹೋಯ್ತು. ನಿಮ್ಮಮ್ಮನ ಹಾಡಾದ್ರೂ ಉಳೀಲಿ. ಜಗಳ ಆಡಿ."

ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿದರು. "ಮಿಷನ್ನು ನನಗೆ ಬೇಕು," ಎಂದ ಅಣ್ಣ, ಅಳುತ್ತಾ. "ನನಗೆ ಬೇಕು," ಎಂದಳು ತಂಗಿ, ಬಿಕ್ಕುತ್ತಾ. ಆ ಮನೆಯ ಕೊನೆಯ ಜಗಳ ಅದು.

ಪಟ್ಟಿಯಮ್ಮ ಪೆನ್ಸಿಲ್ಲಿನಲ್ಲಿ ಪಟ್ಟಿಯ ಕರಡಿಗೆ ಸೇರಿಸಿದಳು: ಹೊಲಿಗೆ ಯಂತ್ರ, ಒಂದು. ಹೆಬ್ಬೆರಳು ಹಲ್ಲಿನ ಗುರುತಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಪೆನ್ನು. ರಸೀದಿ. ಹೆಸರು. ನನ್ನದೇ ಎಂಬಂತೆ ಕಾಯುತ್ತೇನೆ. ಸಹಿ.

ಚಕ್ರ ತಿರುಗಿತು. ಟಕ್ ಟಕ್ ಟಕ್ ಟಕ್. ಜೋರಾಗಿ. ಇನ್ನೂ ಜೋರಾಗಿ. ಗೋಡೆ ಅದುರಿತು. ಯಾರೋ ಒಬ್ಬರು, ಎಲ್ಲೋ ದೂರದಲ್ಲಿ, ಅಮ್ಮಾ ಎಂದಂತಾಯಿತು. ಅವಳು ತಿರುಗಿ ನೋಡಿದಳು. ಯಾರೂ ಇರಲಿಲ್ಲ.

ಸದ್ದು ನಿಂತಿತು.

ಪಟ್ಟಿಯಮ್ಮ ಕಣ್ಣೊರೆಸಿಕೊಂಡು, ಒದ್ದೆಯಾದ ಬೆರಳನ್ನು ಅಚ್ಚರಿಯಿಂದ ನೋಡಿದಳು. ಧೂಳು ಬಿದ್ದಿರಬೇಕು. ಮೈ ಹಗುರವಾಗಿತ್ತು, ಹೊಟ್ಟೆ ಹಸಿದಿತ್ತು. ಕೈಯಲ್ಲಿದ್ದ ಪೆನ್ಸಿಲ್ಲು ಕಣ್ಣಿಗೆ ಬಿತ್ತು. "ಛೀ, ಯಾರೋ ಕಚ್ಚಿಟ್ಟಿದ್ದಾರೆ," ಎಂದು ಅದನ್ನು ಚಿಂದಿ ಬುಟ್ಟಿಗೆ ಎಸೆದಳು. ಇನ್ನೊಂದು ಕೈಯಲ್ಲಿದ್ದ ರಬ್ಬರನ್ನೂ ಅದರ ಜೊತೆಗೇ ಹಾಕಿದಳು. "ಮುಗೀತಲ್ಲ. ಇನ್ನು ಕಿತ್ತಾಡ್ಕೊಂಡು ಕೋರ್ಟಿಗೆ ಬರ್ಬೇಡಿ ಕಣ್ರಪ್ಪಾ," ಎಂದು ಅಣ್ಣ ತಂಗಿಗೆ ಬುದ್ಧಿ ಹೇಳಿ ಹೊರಗೆ ಬಂದಳು. ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದ ಅವರಿಬ್ಬರೂ ಅವಳ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದರು.

ಅವಳು ಬೀದಿಯಲ್ಲಿ ಅರ್ಧ ದೂರ ಹೋಗಿರಬೇಕು, ಹಿಂದಿನಿಂದ ಯಾರೋ ಓಡಿ ಬಂದರು. ಗೇಟಿನ ಹತ್ತಿರದ ಆಯಾ. ಏದುಸಿರು ಬಿಡುತ್ತಾ ಕೈ ಚಾಚಿದಳು. ಅಂಗೈಯಲ್ಲಿ ಆ ಕಚ್ಚಿದ ಪೆನ್ಸಿಲ್ಲು.

"ಅಮ್ಮಾ, ಇದು ನಿಮ್ಮ ಮಗಳದ್ದು."

"ನನಗೆ ಮಕ್ಕಳಿಲ್ಲವಲ್ಲಮ್ಮ," ಎಂದಳು ಪಟ್ಟಿಯಮ್ಮ ಸಮಾಧಾನದಿಂದ. "ಬೇರೆ ಯಾರದೋ ಇರ್ಬೇಕು. ಪಾಪ, ಹುಡುಕ್ತಿರ್ತಾರೆ, ಕೊಟ್ಟುಬಿಡು."

ಮುದುಕಿಯ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಯಾರನ್ನೋ ಕಳೆದುಕೊಂಡಿದ್ದಾಳೆ ಎಂದು ಪಟ್ಟಿಯಮ್ಮನಿಗೆ ಕನಿಕರವಾಯಿತು. ಭುಜ ತಟ್ಟಿ ಮುಂದೆ ನಡೆದಳು. ಹಿಂದೆ ಆ ಮುದುಕಿ ಪೆನ್ಸಿಲ್ಲನ್ನು ಎದೆಗೊತ್ತಿಕೊಂಡು, ಬಾಯಿಪಾಠ ಒಪ್ಪಿಸುವವಳಂತೆ, ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. "ಎಡಗೈಯಲ್ಲಿ ಬರೀತಿದ್ಲು. ಏಳರ ಮಗ್ಗಿ ಅಂದ್ರೆ ಅಳು. ಮಲಗಿದ್ರೆ ಕಾಲು ಅಮ್ಮನ ಹೊಟ್ಟೆ ಮೇಲೆ. ಅಳಿಲು ಕಂಡ್ರೆ ಉಸಿರು ಬಿಡ್ತಿರ್ಲಿಲ್ಲ..."

ಯಾರದೋ ಮನೆಯ ಪಟ್ಟಿ ಇರಬೇಕು ಎಂದುಕೊಂಡಳು ಪಟ್ಟಿಯಮ್ಮ. ಒಂದನ್ನೂ ಬಿಡದೆ, ಅಚ್ಚುಕಟ್ಟಾಗಿ ಹೇಳುತ್ತಿದ್ದಾಳೆ. ಇನ್ನೂ ಸ್ವಲ್ಪ ಹೊತ್ತು ನಿಂತು ಕೇಳಬಹುದಿತ್ತು, ಆದರೆ ಬಸ್ಸಿಗೆ ಹೊತ್ತಾಗಿತ್ತು.